ಕೊಪ್ಪಳ ಕಡೆಯಿಂದ ಮಂಗಳೂರಿನ ಕ್ರಿಶ್ಚಿಯನ್ ಕಾಲೇಜಿಗೆ: ಮೊದಲ ತಿಂಗಳು ಏನೇನು ನೋಡಿಕೊಳ್ಳಬೇಕು?

ಎರೆಹೊಲ_ಯಲಬುರ್ಗಾ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ತಂಗಿಗೆ ಮಂಗಳೂರಿನಲ್ಲಿ ಸಿಸ್ಟರ್‌ಗಳು ನಡೆಸುವ ಕಾಲೇಜೊಂದರಲ್ಲಿ ಬಿ.ಕಾಂ. ಸೀಟು ಸಿಕ್ಕಿದೆ. ಪಿಯುಸಿವರೆಗೂ ಕನ್ನಡ ಮಾಧ್ಯಮ. ವಯಸ್ಸು 18 ತುಂಬಲು ಇನ್ನೂ ನಾಲ್ಕು ತಿಂಗಳು ಬೇಕು. ಸೀಟು ತಡವಾಗಿ ಸಿಕ್ಕಿದ್ದರಿಂದ ಎರಡು ವಾರದ ಕ್ಲಾಸು ಆಗಲೇ ಹೋಗಿವೆ. ಹಾಸ್ಟೆಲ್ ಕಾಲೇಜಿನದ್ದೇ.

ಮನೆಯಲ್ಲಿ ಎಲ್ಲರ ಚಿಂತೆ ಒಂದೊಂದು. ಅಪ್ಪಗೆ ಪ್ರಾರ್ಥನೆ, ಚರ್ಚು ಕಡ್ಡಾಯವೇನೋ ಅಂತ. ಅವ್ವಗೆ ಊಟದ್ದು, ನಾಗರ ಪಂಚಮಿಗೆ ಬರ್ತಾಳೋ ಇಲ್ಲೋ ಅನ್ನೋದು. ನನಗೆ ಸ್ಕಾಲರ್‌ಶಿಪ್ ಮತ್ತು ಇಂಗ್ಲಿಷ್‌ನದು. ತಿಳಿದವರು ಬಿಡಿಸಿ ಹೇಳ್ರಿ.

ಎಡದಂಡೆ_ಸಿಂಧನೂರು:

ಎಲ್ಲಕ್ಕಿಂತ ಮೊದಲು ಹಾಜರಿಯ ಲೆಕ್ಕ ಹಾಕಿ. ನಮ್ಮ ಕಡೆಯಿಂದ ತಡವಾಗಿ ಸೇರುವ ಮಕ್ಕಳು ಸಿಕ್ಕಿಬೀಳುವುದು ಪ್ರಾರ್ಥನೆಯಲ್ಲೂ ಅಲ್ಲ, ಇಂಗ್ಲಿಷ್‌ನಲ್ಲೂ ಅಲ್ಲ, ಇಲ್ಲಿ.

ಒಂದು ವಿಷಯಕ್ಕೆ ವಾರಕ್ಕೆ 4 ಗಂಟೆ, ಸೆಮಿಸ್ಟರ್‌ಗೆ 16 ವಾರ ಅಂತ ಹಿಡಿಯಿರಿ. ಒಟ್ಟು 64 ಕ್ಲಾಸು. ಪರೀಕ್ಷೆಗೆ ಕೂರಲು ಶೇ. 75 ಅಂದರೆ 48 ಬೇಕು. ತಪ್ಪಿಸಬಹುದಾದದ್ದು 16. ಎರಡು ವಾರ ತಡವಾಗಿದ್ದಕ್ಕೆ 8 ಹೋದವು, ಉಳಿದದ್ದು 8. ಊರಿಗೆ ಬಂದುಹೋಗುವುದರಲ್ಲಿ ಶುಕ್ರವಾರ, ಶನಿವಾರ, ಸೋಮವಾರ ತಪ್ಪಿದರೆ ವಿಷಯಕ್ಕೆ ಎರಡು ಮೂರು ಕ್ಲಾಸು ಹೋಗುತ್ತವೆ. ಹಾಗೆ ಮೂರು ಸಲ ಬಂದರೆ ಮುಗಿಯಿತು. ಆಮೇಲೆ ಒಂದು ಜ್ವರ ಬಂದರೂ ಕೊರತೆಯೇ.

ಆದ್ದರಿಂದ ಸೇರಿದ ದಿನವೇ ಕ್ಲಾಸ್ ಟೀಚರನ್ನು ಕಂಡು, ಹಾಜರಿ ಕ್ಲಾಸು ಶುರುವಾದ ದಿನದಿಂದ ಲೆಕ್ಕವೋ, ಪ್ರವೇಶ ಪಡೆದ ದಿನದಿಂದಲೋ ಕೇಳಿ. ಕೆಲವು ಕಾಲೇಜು ಪ್ರವೇಶದ ದಿನದಿಂದ ಹಿಡಿಯುತ್ತವೆ, ಕೆಲವು ಹಿಡಿಯುವುದಿಲ್ಲ. ಬಾಯಿಮಾತಿಗೆ ಬಿಡಬೇಡಿ. ಪ್ರವೇಶ ತಡವಾದ ಕಾರಣ ಬರೆದ ಅರ್ಜಿ ಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ವೈದ್ಯರ ಸರ್ಟಿಫಿಕೇಟ್ ಕೊಟ್ಟರೆ ಗೈರು ಹಾಜರಿಯಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಸಾಮಾನ್ಯವಾಗಿ ಅದು ಕೊರತೆ ಮನ್ನಾ ಕೇಳಲು ಮಾತ್ರ ಆಧಾರ, ಅದಕ್ಕೂ ಮಿತಿ ಇರುತ್ತದೆ.

ಇಂಥ ಕಾಲೇಜುಗಳಲ್ಲಿ ವರ್ಷದ ಮೊದಲಿಗೆ ಒಂದು ಕೈಪಿಡಿ ಕೊಡುತ್ತಾರೆ, ಕ್ಯಾಲೆಂಡರ್ ಅಂತಲೂ ಕರೆಯುತ್ತಾರೆ. ರಜೆ, ಆಂತರಿಕ ಪರೀಕ್ಷೆಯ ದಿನ, ಉಡುಪಿನ ನಿಯಮ, ದಂಡ ಎಲ್ಲ ಅದರಲ್ಲೇ. ಹಿಂದಿನ ಪುಟಗಳಲ್ಲಿ ರಜೆ ಮತ್ತು ತಡವಾಗಿ ಬಂದದ್ದರ ದಾಖಲೆ, ಪಾಲಕರ ಸಹಿಗೆ ಜಾಗ. ಅಪ್ಪ ಯಲಬುರ್ಗಾದಲ್ಲಿದ್ದರೆ ಪ್ರತಿ ಸಲ ಸಹಿ ಯಾರದು? ಸ್ಥಳೀಯ ಪಾಲಕರೆಂದು ವಾರ್ಡನ್ ಸಿಸ್ಟರ್ ಅವರನ್ನೋ, ಮಂಗಳೂರಿನಲ್ಲಿರುವ ಸಂಬಂಧಿಕರನ್ನೋ ಮೊದಲ ದಿನವೇ ಬರೆಸಿ, ಮಾದರಿ ಸಹಿ ಕೊಡಿಸಿ. ಹುಡುಗರು ತಾವೇ ಅಪ್ಪನ ಸಹಿ ಹಾಕುತ್ತಾರೆ. ಮಿಷನರಿ ಕಾಲೇಜುಗಳಲ್ಲಿ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ, ಪಾಲಕರನ್ನು ಅಲ್ಲಿಗೇ ಕರೆಸುತ್ತಾರೆ.

ಕೋಟೆಕಲ್ಲು_ಬಳ್ಳಾರಿ:

ಅಪ್ಪನ ಪ್ರಶ್ನೆಗೆ ನೇರ ಉತ್ತರ. ಸಂವಿಧಾನದ 28(3)ನೇ ವಿಧಿ ಇದಕ್ಕೇ ಇರುವುದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವವರು ಅಲ್ಲಿನ ಧಾರ್ಮಿಕ ಬೋಧನೆಯಲ್ಲಿ, ಪೂಜೆಯಲ್ಲಿ ಭಾಗವಹಿಸಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಅವರ ಒಪ್ಪಿಗೆ ಬೇಕು. 18 ತುಂಬದಿದ್ದರೆ ಪಾಲಕರ ಒಪ್ಪಿಗೆ ಬೇಕು. ನಿಮ್ಮ ತಂಗಿಗೆ ಇನ್ನೂ ನಾಲ್ಕು ತಿಂಗಳು ಬಾಕಿ ಇರುವುದರಿಂದ ಪ್ರವೇಶ ಅರ್ಜಿಯ ಕೊನೆಯಲ್ಲಿರುವ ಒಪ್ಪಿಗೆ ಪತ್ರವನ್ನು ಅಪ್ಪನೇ ಓದಿ ಸಹಿ ಮಾಡಲಿ. ಇಂಗ್ಲಿಷ್‌ನಲ್ಲಿದ್ದರೆ ಸಹಿಗೆ ಮುಂಚೆ ಕನ್ನಡದಲ್ಲಿ ವಿವರಿಸಲು ಕೇಳಿ, ಹೇಳುತ್ತಾರೆ.

ನಿತ್ಯದಲ್ಲಿ ಹೇಗಿರುತ್ತದೆ ಅಂದರೆ, ಬೆಳಗ್ಗೆ ಧ್ವನಿವರ್ಧಕದಲ್ಲಿ ಎರಡು ಮೂರು ನಿಮಿಷದ ಪ್ರಾರ್ಥನೆ. ಎದ್ದು ನಿಂತರೆ ಸಾಕು. ಶಿಲುಬೆ ಗುರುತು ಹಾಕಿಕೊಳ್ಳುವುದು ಕ್ರೈಸ್ತರ ಕ್ರಮ, ಉಳಿದವರು ಮಾಡಬೇಕಿಲ್ಲ. ವಾರಕ್ಕೊಂದು ಗಂಟೆ ಮೌಲ್ಯ ಶಿಕ್ಷಣ ಇರುತ್ತದೆ. ಆ ಹೊತ್ತಿಗೆ ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಬೇರೆ ಕೋಣೆಗೆ ಹೋಗುತ್ತಾರೆ, ಉಳಿದವರಿಗೆ ನೀತಿ, ನಡವಳಿಕೆ, ಸಮಾಜದ ಪಾಠ. ಇದನ್ನು ಪೂಜೆ ಅಂದುಕೊಂಡು ತಪ್ಪಿಸಬೇಡಿ, ಹಲವು ಕಡೆ ಇದಕ್ಕೂ ಹಾಜರಿ, ಅಂಕ ಉಂಟು.

ವರ್ಷಾರಂಭಕ್ಕೆ, ಹಬ್ಬಕ್ಕೆ ಬಲಿಪೂಜೆ (ಪಾದ್ರಿಗಳು ಚರ್ಚಿನಲ್ಲಿ ನಡೆಸುವ ಮಾಸ್) ಇರುತ್ತದೆ. ಕ್ರೈಸ್ತೇತರರು ಸಾಮಾನ್ಯವಾಗಿ ಹೋಗಬೇಕಿಲ್ಲ. ಹೋಗಿ ಕೂತರೂ ಒಂದು ವಿಷಯ ಗಟ್ಟಿಯಾಗಿ ನೆನಪಿರಲಿ. ಕೊನೆಯ ಭಾಗದಲ್ಲಿ ಸಾಲಾಗಿ ಹೋಗಿ ಬಿಳಿ ತೆಳು ಬಿಲ್ಲೆಯಂಥ ರೊಟ್ಟಿ ತೆಗೆದುಕೊಳ್ಳುತ್ತಾರೆ. ಅದು ಗುಡಿಯಲ್ಲಿ ಎಲ್ಲರಿಗೂ ಹಂಚುವ ಪ್ರಸಾದದಂತಲ್ಲ. ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿ, ಸಿದ್ಧತೆ ಪಡೆದ ಕ್ಯಾಥೊಲಿಕರಿಗೆ ಮಾತ್ರ. ಅವರ ನಂಬಿಕೆಯಲ್ಲಿ ಅದು ಕ್ರಿಸ್ತನ ಶರೀರವೇ. ಪ್ರಸಾದ ಬೇಡ ಅಂದರೆ ಅಪಚಾರ ಅಂತ ಬೆಳೆದ ನಮ್ಮ ಮಕ್ಕಳು ಭಕ್ತಿಯಿಂದಲೇ ಸಾಲಿನಲ್ಲಿ ನಿಂತುಬಿಡುತ್ತಾರೆ. ತಂಗಿ ಕೂತಲ್ಲೇ ಕೂರಲಿ, ಯಾರೂ ಏನೂ ಅನ್ನುವುದಿಲ್ಲ. ಬಾಗಿಲ ಬಳಿ ಬಟ್ಟಲಲ್ಲಿರುವ ನೀರೂ ಹಾಗೇ, ಕುಡಿಯುವ ತೀರ್ಥವಲ್ಲ.

ಕರೆಯುವುದು: ಪಾದ್ರಿಗಳಿಗೆ ಫಾದರ್, ಸನ್ಯಾಸಿನಿಯರಿಗೆ ಸಿಸ್ಟರ್. ಹೆಸರಿನ ಕೊನೆಗೆ ಎಸ್.ಜೆ. ಇದ್ದರೆ ಯೇಸುಸಭೆಯವರು (ಜೆಸುಯಿಟ್ ಪಾದ್ರಿಗಳು), ಎ.ಸಿ. ಇದ್ದರೆ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಯೇಸುಸಭೆಯವರಿಂದ, ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಕಾರ್ಮೆಲ್ ಸಿಸ್ಟರ್‌ಗಳಿಂದ ಶುರುವಾದವು. ಎಲ್ಲ ಜಾತಿ ಧರ್ಮದ ಮಕ್ಕಳೂ ಅಲ್ಲಿ ಓದುತ್ತ ಬಂದಿದ್ದಾರೆ. ಅಷ್ಟು ದೂರ ಯಾಕೆ, ನಮ್ಮ ಬಳ್ಳಾರಿಯ ವಾರ್ಡ್ಲಾ ಶಾಲೆ 1846ರದ್ದು. ನಮ್ಮ ಸೀಮೆಗೆ ಮಿಷನ್ ಶಾಲೆ ಹೊಸದಲ್ಲ ಅಂತ ಅಪ್ಪಗೆ ಹೇಳ್ರಿ.

ನಾಡಕಚೇರಿ_ಸಾಲು, ರಾಯಚೂರು:

ಸ್ಕಾಲರ್‌ಶಿಪ್ ಕೆಲಸ ಮಂಗಳೂರಿಗೆ ಹೋಗುವ ಮೊದಲೇ ಅರ್ಧ ಮುಗಿಯಬೇಕು. ಅಲ್ಲಿಗೆ ಹೋದ ಮೇಲೆ ಊರಿನ ಕಾಗದಕ್ಕೆ ಅಲೆದರೆ ಹಾಜರಿಯೂ ಹೋಗುತ್ತದೆ.

ಆಧಾರ್‌ಗೆ ಯಾವ ಮೊಬೈಲ್ ಜೋಡಣೆಯಾಗಿದೆ ನೋಡಿ. ಎಸ್.ಎಸ್.ಪಿ. (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಖಾತೆ ತೆರೆಯಲು ಒಟಿಪಿ ಆ ನಂಬರಿಗೇ ಬರುತ್ತದೆ. ನಂಬರು ಅಪ್ಪನದ್ದಾಗಿದ್ದು ಅವರು ಹೊಲದಲ್ಲಿದ್ದರೆ, ಅಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗಿ ಕಾಯುತ್ತ ಕೂರಬೇಕು. ತಂಗಿಯ ಸ್ವಂತ ನಂಬರಿಗೆ ಈಗಲೇ ಬದಲಿಸಿ.

ಬ್ಯಾಂಕ್ ಖಾತೆ ತಂಗಿಯ ಹೆಸರಲ್ಲಿದ್ದು, ಆಧಾರ್ ಎನ್.ಪಿ.ಸಿ.ಐ.ನಲ್ಲಿ (ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂಬ ದಾಖಲೆ ಇರುವಲ್ಲಿ) ಆ ಖಾತೆಗೇ ಜೋಡಣೆಯಾಗಿರಬೇಕು. ಕೆ.ವೈ.ಸಿ.ಗೆ ಆಧಾರ್ ಕೊಟ್ಟಿರುವುದು ಬೇರೆ, ಈ ಜೋಡಣೆಯೇ ಬೇರೆ. ಹಣ ಬಾರದಿರುವುದಕ್ಕೆ ದೊಡ್ಡ ಕಾರಣ ಇದೇ. ಇನ್ನೊಂದು, ಕೊನೆಗೆ ಜೋಡಿಸಿದ ಖಾತೆಗೇ ಹಣ ಹೋಗುತ್ತದೆ. ಊರಿನ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಇದ್ದು, ಮಂಗಳೂರಿನಲ್ಲಿ ಕಾಲೇಜಿನವರು ಹೊಸ ಖಾತೆ ತೆರೆಸಿ ಅದಕ್ಕೆ ಜೋಡಿಸಿದರೆ ಹಣ ಹೊಸದಕ್ಕೆ ಬರುತ್ತದೆ. ಹಳೆಯದನ್ನು ನೋಡುತ್ತ ಕೂರಬೇಡಿ.

ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ, ಆರ್.ಡಿ. ಅಂತ ಶುರುವಾಗುವ ಸಂಖ್ಯೆ ಬೇಕು. ಆದಾಯದ್ದಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಈ ವರ್ಷವೇ ಮುಗಿಯುತ್ತಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಿಕೊಂಡೇ ಹೋಗಿ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪತ್ರ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ಹೋಲಿಸಿ. ನಮ್ಮಲ್ಲಿ ಒಂದರಲ್ಲಿ ಇನಿಶಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಮನೆತನದ ಹೆಸರು ಇರುತ್ತದೆ. ಅರ್ಜಿ ಅಲ್ಲೇ ನಿಲ್ಲುತ್ತದೆ.

ಕಾಲೇಜಿನಲ್ಲಿ ಇ-ದೃಢೀಕರಣ ಅಧಿಕಾರಿ ಅಂತ ಒಬ್ಬರಿರುತ್ತಾರೆ. ಶುಲ್ಕದ ರಸೀದಿ, ಹಾಸ್ಟೆಲ್ ಪತ್ರ ಇವರಿಂದ ದೃಢೀಕರಣವಾಗಿ ಒಂದು ಸಂಖ್ಯೆ ಸಿಗುತ್ತದೆ. ಅರ್ಜಿಗೆ ಆ ಸಂಖ್ಯೆ ಬೇಕು. ಕೊನೆಯ ವಾರ ಅವರ ಮುಂದೆ ದೊಡ್ಡ ಸಾಲು, ಮೊದಲ ತಿಂಗಳಲ್ಲೇ ಮುಗಿಸಿ.

ಟಿ.ಸಿ. ಮತ್ತು ಮೂಲ ಅಂಕಪಟ್ಟಿ ಕಾಲೇಜಿಗೆ ಕೊಡುವ ಮುಂಚೆ ಆರು ಜೆರಾಕ್ಸ್, ಫೋನಿನಲ್ಲಿ ಒಂದು ಸ್ಕ್ಯಾನ್. 371(ಜೆ) ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರ ಮೀಸಲಾತಿಯದ್ದು) ಮಾಡಿಸಿದ್ದರೆ ಮೂಲ ಪ್ರತಿ ಮನೆಯಲ್ಲೇ ಇರಲಿ. ಮುಂದೆ ನೌಕರಿಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ, ಅದನ್ನು ಹಾಸ್ಟೆಲ್ ಟ್ರಂಕಿನಲ್ಲಿ ಇಡಬಾರದು.

ಭತ್ತದಕಣಜ_ಗಂಗಾವತಿ:

ಇಂಗ್ಲಿಷ್ ಬಗ್ಗೆ. ಬಿ.ಕಾಂ. ಅಂದರೆ ಧೈರ್ಯವಾಗಿರಿ, ವಿಷಯ ಆಕೆಗೆ ಗೊತ್ತಿರುವುದೇ, ಗೊತ್ತಿಲ್ಲದಿರುವುದು ಹೆಸರುಗಳು. ಪಿಯುಸಿಯಲ್ಲಿ ಓದಿದ ಸವಕಳಿಯೇ ಡಿಪ್ರಿಸಿಯೇಶನ್, ತಾಳೆಪಟ್ಟಿಯೇ ಟ್ರಯಲ್ ಬ್ಯಾಲೆನ್ಸ್, ಅಢಾವೆ ಪತ್ರಿಕೆಯೇ ಬ್ಯಾಲೆನ್ಸ್ ಶೀಟ್, ಹೊಣೆಗಾರಿಕೆಯೇ ಲಯಬಿಲಿಟಿ. 200 ಪುಟದ ನೋಟ್‌ಬುಕ್ ತೆಗೆದು ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ, ಕೆಳಗೆ ಒಂದು ಸಾಲಿನ ಉದಾಹರಣೆ. ದಿನಕ್ಕೆ ಹತ್ತು ಪದ ಸಾಕು. ಆರು ವಾರಕ್ಕೆ 400 ದಾಟುತ್ತದೆ. ಅಕೌಂಟ್ಸ್ ಲೆಕ್ಕದ ವಿಷಯ, ಬೇಗ ಹಿಡಿತಕ್ಕೆ ಬರುತ್ತದೆ. ಕಷ್ಟವಾಗುವುದು ಥಿಯರಿ ವಿಷಯಗಳಲ್ಲಿ. ಅವಕ್ಕೆ ಹಿಂದಿನ ಪ್ರಶ್ನೆಪತ್ರಿಕೆ ತೆಗೆದುಕೊಂಡು ವಾರಕ್ಕೆರಡು ಉತ್ತರ ಸ್ವಂತ ವಾಕ್ಯದಲ್ಲಿ ಬರೆದು ಟೀಚರಿಗೆ ತೋರಿಸಬೇಕು. ಗೈಡ್ ಬಾಯಿಪಾಠ ಮಾಡಿದರೆ ಮೊದಲ ಆಂತರಿಕ ಪರೀಕ್ಷೆ ದಾಟಬಹುದು, ಎರಡನೆಯದರಲ್ಲಿ ಪ್ರಶ್ನೆ ಸ್ವಲ್ಪ ತಿರುಗಿದರೆ ಪೆನ್ನು ನಿಲ್ಲುತ್ತದೆ.

ಭಾಷಾ ವಿಷಯಕ್ಕೆ ಕನ್ನಡವನ್ನೇ ಆರಿಸಿಕೊಳ್ಳಲಿ. ಗೆಳತಿಯರು ಹಿಂದಿಗೋ ಫ್ರೆಂಚ್‌ಗೋ ಹೋದರೆಂದು ಹೋದರೆ, ಬದಲಿಸಲು ಸಾಮಾನ್ಯವಾಗಿ ಮೊದಲ ಕೆಲವು ದಿನ ಮಾತ್ರ ಅವಕಾಶ. ತಡವಾಗಿ ಸೇರಿದ್ದರಿಂದ ಕಚೇರಿಯವರು ಖಾಲಿ ಇರುವ ಬ್ಯಾಚಿಗೆ ಹಾಕಿರಬಹುದು, ಅದನ್ನು ಈ ವಾರವೇ ನೋಡಿ.

ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ವಿದ್ಯಾರ್ಥಿ, ಪಾಲಕರು ಇಬ್ಬರೂ ತುಂಬಬೇಕು. ಯುಜಿಸಿ ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತದೆ. ನಂಬರು ಫೋನಿನಲ್ಲಿ ಇರಲಿ.

ಎರೆಹೊಲ_ಯಲಬುರ್ಗಾ:

ಬಹಳ ಉಪಕಾರ ಆತ್ರಿ. ಹಾಜರಿ ಲೆಕ್ಕ ನಾವು ಯೋಚನೆ ಮಾಡಿರಲೇ ಇಲ್ಲ. ಅವ್ವ ನೂರು ಖಡಕ್ ರೊಟ್ಟಿ ಬಡಿದು ಕೊಡ್ತೀನಿ ಅಂತಿದಾಳೆ. ಕಳಿಸಬಹುದಾ? ಪಂಚಮಿಗೆ ಬರೋದು ಹೆಂಗೆ?

ಎಡದಂಡೆ_ಸಿಂಧನೂರು:

ನೂರು ಬೇಡ. ಇಲ್ಲಿ ತಿಂಗಳುಗಟ್ಟಲೆ ಇರುವ ಖಡಕ್ ರೊಟ್ಟಿ ಅಲ್ಲಿ ಜುಲೈನಲ್ಲಿ ಒಂದೆರಡು ದಿನಕ್ಕೆ ಮೆತ್ತಗಾಗಿ, ವಾರಕ್ಕೆ ಬೂಸ್ಟು ಹಿಡಿಯುತ್ತದೆ. ನಮಗೆ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಅಲ್ಲಿ ಆ ಒಂದೇ ತಿಂಗಳಲ್ಲಿ ಬೀಳುತ್ತದೆ. ಮೂವತ್ತು ರೊಟ್ಟಿ ಸಾಕು. ಐದೈದರಂತೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಿ. ಒಂದು ಚೀಲ ಬಿಚ್ಚಿದರೆ ಅವತ್ತೇ ಮುಗಿಸಬೇಕು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಾಲು ಕೆಜಿಯಂತೆ ಸಾಕು, ಒಣ ಚಮಚ ಹಾಕಲಿ. ಹಾಸ್ಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಹಾಕಿದ ಸಾರು. ಮೀನು, ಮಾಂಸ ತಿನ್ನದಿದ್ದರೆ ಪ್ರವೇಶದ ದಿನವೇ ಸಸ್ಯಾಹಾರ ಅಂತ ಬರೆಸಿ, ನಡುವೆ ಬದಲಿಸುವುದು ಕಷ್ಟ.

ಜೀನ್ಸ್, ದಪ್ಪ ಟವೆಲ್ ಒಣಗುವುದಿಲ್ಲ. ತೆಳು ಬಟ್ಟೆ, ಎರಡು ಛತ್ರಿ, ಚರ್ಮದ್ದಲ್ಲದ ಚಪ್ಪಲಿ. ಕಾಗದಗಳಿಗೆ ಜಿಪ್ ಇರುವ ಪ್ಲಾಸ್ಟಿಕ್ ಫೈಲ್.

ಪಂಚಮಿ ಬರುವುದು ಮಳೆಗಾಲದ ನಡುವೆ. ಆ ಹೊತ್ತಿಗೆ ಶಿರಾಡಿ ಘಾಟಿಯಲ್ಲಿ, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಾದಿಯಲ್ಲಿ ಗುಡ್ಡ ಕುಸಿಯುವುದುಂಟು. ಒಂದು ದಿನ ಹೆಚ್ಚಿಗೆ ಹಿಡಿದೇ ಲೆಕ್ಕ ಹಾಕಿ. ಹುಬ್ಬಳ್ಳಿ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಬಂದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ದುಡ್ಡಿಲ್ಲ, ಸ್ಲೀಪರ್‌ಗೆ, ರಾಜಹಂಸಕ್ಕೆ ಅದು ನಡೆಯದು. ಮಂಗಳೂರು ನಗರದಲ್ಲಿ ಓಡುವುದು ಬಹುತೇಕ ಖಾಸಗಿ ಬಸ್ಸು, ಅಲ್ಲೂ ನಡೆಯದು.

ಉಳಿದ 8 ಕ್ಲಾಸಿನಲ್ಲಿ ಪಂಚಮಿಗೆ ಮೂರು ಹಾಕಿದರೆ 5 ಉಳಿಯುತ್ತವೆ, ಅವನ್ನು ಜ್ವರಕ್ಕೆ ಇಟ್ಟುಕೊಳ್ಳಬೇಕು. ದಸರಾಕ್ಕೆ, ಕ್ರಿಸ್‌ಮಸ್‌ಗೆ ಕಾಲೇಜೇ ಎಷ್ಟು ದಿನ ರಜೆ ಕೊಡುತ್ತದೆ ಕೈಪಿಡಿಯಲ್ಲಿ ನೋಡಿ, ಆಗ ಬರುವುದಕ್ಕೆ ಹಾಜರಿಯ ಖರ್ಚಿಲ್ಲ. ಜನವರಿಯ ಗವಿಮಠದ ಜಾತ್ರೆಗೆ ಬರುವುದು ಪರೀಕ್ಷೆಯ ದಿನ ನೋಡಿಕೊಂಡು. ಈ ಸಲ ಪಂಚಮಿಯ ಉಂಡಿಯನ್ನು ಅವ್ವ ಕಟ್ಟಿ ಕಳಿಸಲಿ, ಶೇಂಗಾ ಉಂಡಿ ರೊಟ್ಟಿಗಿಂತ ಚೆನ್ನಾಗಿ ತಡೆಯುತ್ತದೆ.