ಮುತ್ಯಾನ ಹೆಸರೋ, ಹೊಸ ಹೆಸರೋ: ತೊಟ್ಟಿಲ ಮುಂದಿನ ಚರ್ಚೆ

ಭೀಮಾತೀರದವ, ಅಫಜಲಪುರ:
ನನ್ನ ತಂಗಿಗೆ ಗಂಡುಮಗು ಹುಟ್ಟಿ ಇಂದಿಗೆ ಒಂಬತ್ತು ದಿನಗಳಾದವು. ಬಾಣಂತನ ನಮ್ಮ ಮನೆಯಲ್ಲಿಯೇ ನಡೆದಿದೆ. ಬರುವ ಭಾನುವಾರ ತೊಟ್ಟಿಲ ಕಾರ್ಯಕ್ರಮ. ಹೆಸರಿನ ವಿಷಯದಲ್ಲಿ ಮಾತ್ರ ಒಮ್ಮತವಾಗಿಲ್ಲ. ಎರಡು ವರ್ಷಗಳ ಹಿಂದೆ ತೀರಿಕೊಂಡ ನಮ್ಮ ಬೀಗರ ಹೆಸರು ಶರಣಬಸಪ್ಪ. ಮೊಮ್ಮಗನಿಗೆ ಮುತ್ಯಾನ, ಅಂದರೆ ಅಜ್ಜನ, ಹೆಸರೇ ಆಗಬೇಕೆಂಬುದು ಬೀಗತಿಯವರ ಆಸೆ. ಪುಣೆಯಲ್ಲಿ ಕೆಲಸದಲ್ಲಿರುವ ತಂಗಿಯ ಗಂಡನಿಗೆ ವಿಹಾನ್ ಎಂಬ ಹೆಸರು ಇಷ್ಟವಾಗಿದೆ. ಅದಕ್ಕೆ ಬೆಳಗು ಎಂಬ ಅರ್ಥವಿದೆ ಎನ್ನುತ್ತಾನೆ. ಬೀಗತಿಯವರ ಬಾಯಲ್ಲಿ ಅದು ಇಹಾನ ಎಂದಾಗುತ್ತದೆ. ಅನುಭವವಿದ್ದವರು ನಿಮ್ಮ ಅಭಿಪ್ರಾಯ ತಿಳಿಸಬೇಕು.

ನಿವೃತ್ತ ಶಿಕ್ಷಕ, ಜೇವರ್ಗಿ:
ತಮ್ಮಾ, ಶರಣಬಸಪ್ಪ ಎಂಬುದು ನಿಮ್ಮ ಬೀಗರೊಬ್ಬರ ಹೆಸರಷ್ಟೇ ಅಲ್ಲ. ನಮ್ಮ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಹೆಸರು ಅದು. ಈ ನಾಡಿನಲ್ಲಿ ಮನುಷ್ಯರ ಹೆಸರು ಕೇಳಿದರೆ ಅವರ ಮನೆಯವರು ಯಾವ ಜಾತ್ರೆಗೆ ನಡೆದುಕೊಳ್ಳುತ್ತಾರೆ ಎಂಬುದು ತಿಳಿಯುತ್ತಿತ್ತು. ದತ್ತಪ್ಪ ಎಂದರೆ ಗಾಣಗಾಪುರ, ಮಾಣಿಕಪ್ಪ ಎಂದರೆ ಹುಮನಾಬಾದಿನ ಮಾಣಿಕನಗರ, ಮೋನಪ್ಪ ಎಂದರೆ ಕೃಷ್ಣೆಯ ದಂಡೆಯ ತಿಂಥಣಿ, ಮೈಲಾರಪ್ಪ ಎಂದರೆ ಯಾದಗಿರಿಯ ಕಡೆಯ ಮೈಲಾಪುರ. ಮೂವತ್ನಾಲ್ಕು ವರ್ಷ ಹಾಜರಿ ಕರೆದ ನನಗೆ ಆ ಪುಸ್ತಕವೇ ಮೂರು ಜಿಲ್ಲೆಗಳ ನಕ್ಷೆಯಂತೆ ಕಾಣುತ್ತಿತ್ತು. ಕೊನೆಯ ವರ್ಷಗಳಲ್ಲಿ ಆರವ್, ಅಥರ್ವ, ವಿಹಾನ್, ಅದ್ವಿಕ್ ಎಂದು ಕರೆಯುತ್ತ ಹೋದಾಗ ನಾನು ಜೇವರ್ಗಿಯಲ್ಲಿದ್ದೇನೋ ಬೇರೆ ಯಾವುದೋ ನಗರದಲ್ಲಿದ್ದೇನೋ ಎಂದು ಮನಸ್ಸಿಗೆ ನೋವಾಗುತ್ತಿತ್ತು.

ಇನ್ನೊಂದು ಮಾತು. ನಮ್ಮ ಹಳೆಯ ಹೆಸರುಗಳು ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ಹೊಲದ ಆ ಬದುವಿನಿಂದ ಈ ಬದುವಿಗೆ ಎಳೆದು ಕೂಗಲು ಬರುತ್ತದೆ. ಅರ್ಧಾಕ್ಷರದಲ್ಲಿ ನಿಲ್ಲುವ ಹೆಸರನ್ನು ಕೂಗಬೇಕಾದರೆ ನಮ್ಮ ನಾಲಿಗೆ ತಾನೇ ಒಂದು ಸ್ವರವನ್ನು ಸೇರಿಸಿಕೊಳ್ಳುತ್ತದೆ. ನಿಮ್ಮ ಬೀಗತಿಯವರ ‘ಇಹಾನ’ದ ಕೊನೆಯಲ್ಲಿ ಅಕಾರ ಬಂದದ್ದು ಕನ್ನಡದ ಗುಣದಿಂದ, ಅದನ್ನು ಅವರ ತಪ್ಪೆಂದು ಯಾರೂ ಎಣಿಸಬಾರದು.

ತೊಗರಿ ಹೊಲ, ಚಿತ್ತಾಪುರ:
ಗುರುಗಳೇ, ನಿಮ್ಮ ಹಾಜರಿ ಪುಸ್ತಕದ ಬಗ್ಗೆ ನನಗೆ ಗೌರವವಿದೆ, ಆದರೆ ಅದೇ ಪುಸ್ತಕದಲ್ಲಿ ನಮ್ಮ ಮನೆಯವರ ಹೆಸರು ಹೇಗೆ ಬಂದಿತ್ತು ಎಂಬುದನ್ನೂ ಹೇಳಬೇಕಾಗಿದೆ. ನನ್ನ ತಂದೆಗೆ ಮನೆಯಲ್ಲಿ ಇಟ್ಟ ಹೆಸರು ಮರೆಪ್ಪ. ಶಾಲೆಗೆ ಸೇರಿಸಲು ಕರೆದೊಯ್ದ ದಿನ ಬರೆದುಕೊಂಡವರು ‘ಮರ್ಯಾ’ ಎಂದು ಬರೆದರು. ಅಪ್ಪ ಎಂಬ ಎರಡಕ್ಷರ ನಮ್ಮ ಓಣಿಯ ಮಕ್ಕಳಿಗೆ ಹೆಚ್ಚಾಯಿತೆಂದು ಅವರಿಗೆ ಅನಿಸಿರಬೇಕು. ನನ್ನ ತಂದೆ ನಿವೃತ್ತಿಯಾಗುವ ತನಕ ಎಲ್ಲ ಕಾಗದಗಳಲ್ಲಿ ಹಾಗೆಯೇ ಉಳಿದರು. ಊರಿನಲ್ಲಿ ಅವರ ವಯಸ್ಸಿನ ಬೇರೆಯವರು ಶರಣಪ್ಪ, ಮಲ್ಲಪ್ಪ, ಸಿದ್ರಾಮಪ್ಪ ಆಗಿದ್ದಾಗ ಇವರು ಮರ್ಯಾ. ಹಳೆಯ ಹೆಸರುಗಳು ಚೆಂದ ಎನ್ನುವವರು ಆ ಚೆಂದ ಯಾರಿಗೆ ಸಿಕ್ಕಿತ್ತು, ಯಾರಿಗೆ ಸಿಕ್ಕಿರಲಿಲ್ಲ ಎಂಬುದನ್ನೂ ನೋಡಬೇಕು.

ನಾನು ನನ್ನ ಮಗನಿಗೆ ಅಶೋಕ ಎಂದು ಹೆಸರಿಟ್ಟೆ. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ನಂತರ ನಮ್ಮವರ ಮನೆಗಳಲ್ಲಿ ಗೌತಮ, ಸಿದ್ಧಾರ್ಥ, ರಾಹುಲ, ಮಿಲಿಂದ, ಸುಜಾತಾ, ಯಶೋಧರಾ ಎಂಬ ಹೆಸರುಗಳು ಬಂದವು. ಇವುಗಳನ್ನು ಯಾರಾದರೂ ಹೊರಗಿನ ಹೆಸರು ಎಂದರೆ ಅವರನ್ನು ನಾನು ಸನ್ನತಿಗೆ ಕರೆದೊಯ್ಯುತ್ತೇನೆ. ನಮ್ಮ ತಾಲ್ಲೂಕಿನಲ್ಲಿಯೇ, ಭೀಮೆಯ ದಂಡೆಯಲ್ಲಿ ಸನ್ನತಿಯ ಬಳಿಯಿರುವ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ರಾಜನ ಶಿಲ್ಪವೊಂದಿದ್ದು, ಅದರ ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೋಕೊ’ ಎಂದು ಬರೆದಿದೆ. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದಲೇ, ಬೇರೆ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನಿಂದ ಬರುವ ರಾಜ ಅಶೋಕನೇ ಎಂದು ಖಚಿತವಾಯಿತು. ಈ ನೆಲದ ಕಲ್ಲಿನ ಮೇಲೆ ಅಷ್ಟು ಹಿಂದೆಯೇ ಕೊರೆದಿಟ್ಟ ಹೆಸರನ್ನು ನಾನು ನನ್ನ ಮಗನಿಗಿಟ್ಟೆ. ಅವನನ್ನು ಅರ್ಧಕ್ಕೆ ಕತ್ತರಿಸಿ ಕರೆಯಲು ಈವರೆಗೆ ಯಾರಿಗೂ ಆಗಿಲ್ಲ.

ಬೀದರಿನ ಶಿಕ್ಷಕಿ:
ಚಿತ್ತಾಪುರದ ಅಣ್ಣನವರು ಹೇಳಿದ ಮಾತಿಗೆ ನಮ್ಮ ಊರಿನದೇ ಒಂದು ಸಾಕ್ಷಿಯಿದೆ. ಸಿಖ್ ಪರಂಪರೆಯ ಪ್ರಕಾರ, 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ ಸಿಂಗರ ಕರೆಗೆ ತಲೆಯೊಡ್ಡಲು ಎದ್ದುನಿಂತ ಐವರಲ್ಲಿ ಒಬ್ಬರು ಬೀದರಿನ ಕ್ಷೌರಿಕ ಮನೆತನದ ಸಾಹಿಬ್ ಚಂದ್. ಅಂದಿನಿಂದ ಅವರು ಭಾಯಿ ಸಾಹಿಬ್ ಸಿಂಗ್ ಆದರು. ಬೇರೆ ಬೇರೆ ಜಾತಿಗಳಿಂದ ಬಂದ ಐವರಿಗೂ ಒಂದೇ ಸಿಂಗ್. ಜಾತಿಯನ್ನು ಅಳಿಸಲು ಹೆಸರನ್ನೇ ಬದಲಿಸಬೇಕು ಎಂದು ಮುನ್ನೂರು ವರ್ಷಗಳ ಹಿಂದೆಯೇ ತಿಳಿದಿದ್ದರು.

ಹೆಣ್ಣುಮಕ್ಕಳ ಹೆಸರಿನ ಮಾತು ಇಲ್ಲಿ ಇನ್ನೂ ಬಂದಿಲ್ಲ. ಒಂದರ ಮೇಲೊಂದು ಹೆಣ್ಣು ಹುಟ್ಟಿದರೆ ಕೊನೆಯವಳಿಗೆ ಸಾಕವ್ವ ಎಂದು ಹೆಸರಿಡುತ್ತಿದ್ದುದನ್ನು ನಾವೆಲ್ಲ ಬಲ್ಲೆವು. ಮರಾಠಿ ಸೀಮೆಯಲ್ಲಿ ಅದೇ ನಕುಶಾ, ಅಂದರೆ ಬೇಡವಾದವಳು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ ಹೆಸರಿದ್ದ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಗದಿರಲೆಂದು ತಿಪ್ಪಣ್ಣ, ಗುಂಡಪ್ಪ, ಕಲ್ಲಪ್ಪ ಎಂದು ಕರೆದದ್ದರಲ್ಲಿ ಪ್ರೀತಿಯಿತ್ತು. ಸಾಕವ್ವ ಎಂಬುದರಲ್ಲಿ ಅದಿಲ್ಲ. ಹಾಗಾಗಿ ನನ್ನ ತರಗತಿಯಲ್ಲಿ ಈಗ ಮೂವರು ಆರಾಧ್ಯಾ, ಇಬ್ಬರು ಸಾನ್ವಿ ಇದ್ದರೂ ನನಗೆ ಬೇಸರವಿಲ್ಲ. ಮಗಳು ಹುಟ್ಟಿದಾಗ ತಂದೆ ತಾಯಿ ಕುಳಿತು ಹೆಸರು ಹುಡುಕಿದ್ದಾರೆ ಎಂಬುದೇ ದೊಡ್ಡ ಬದಲಾವಣೆ. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಇಂಗ್ಲಿಷಿನಲ್ಲಿ ಒಂದೊಂದು ಅಕ್ಷರವನ್ನು ಎರಡೆರಡು ಸಲ ಬರೆಸುವುದನ್ನು ಮಾತ್ರ ದಯವಿಟ್ಟು ಬಿಡಿ. ಆಧಾರ್ ಒಂದು ರೀತಿ, ಶಾಲೆಯ ದಾಖಲೆ ಇನ್ನೊಂದು ರೀತಿಯಾಗಿ ಮಕ್ಕಳು ಹತ್ತನೆಯ ತರಗತಿಯಲ್ಲಿ ಅಳುವುದನ್ನು ಪ್ರತಿ ವರ್ಷ ನೋಡುತ್ತೇನೆ.

ನಿವೃತ್ತ ಶಿಕ್ಷಕ, ಜೇವರ್ಗಿ:
ಚಿತ್ತಾಪುರದ ತಮ್ಮಾ, ನಿಮ್ಮ ತಂದೆಯವರ ಹೆಸರನ್ನು ಕತ್ತರಿಸಿ ಬರೆದದ್ದು ಅನ್ಯಾಯ. ನಾನೂ ಅದೇ ವೃತ್ತಿಯವನು. ನನ್ನ ಹಿಂದಿನವರು ಬರೆದಿಟ್ಟ ಅಂಥ ಹೆಸರುಗಳನ್ನು ನಾನೂ ಪ್ರಶ್ನಿಸದೆ ಹಾಗೆಯೇ ಕರೆದಿದ್ದೇನೆ, ತಿದ್ದಿಸಬಹುದಿತ್ತು ಎಂಬುದು ಆಗ ಹೊಳೆಯಲಿಲ್ಲ. ಆದರೂ ಒಂದನ್ನು ಗಮನಿಸಿ. ಕಲ್ಯಾಣದ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ ಎಂದು ಎಲ್ಲ ಕಾಯಕದವರಿಗೂ ಅಯ್ಯ, ಅಣ್ಣ, ಅಮ್ಮ ಸೇರಿಸಿದರು. ಆ ಗೌರವ ಎಲ್ಲರಿಗೂ ಕೊಟ್ಟದ್ದಾಗಿತ್ತು, ನಂತರದವರು ಅದನ್ನು ಕೆಲವರಿಂದ ಕಿತ್ತುಕೊಂಡರು. ಕಿತ್ತುಕೊಂಡದ್ದನ್ನು ಮರಳಿ ಕೊಡುವ ಬದಲು ಎಲ್ಲರೂ ಸೇರಿ ಅಪ್ಪ, ಅಮ್ಮ ಎಂಬುದನ್ನೇ ಹೆಸರಿನಿಂದ ತೆಗೆದುಹಾಕುತ್ತಿದ್ದೇವಲ್ಲ ಎಂಬುದೇ ನನ್ನ ಸಂಕಟ.

ತೊಗರಿ ಹೊಲ, ಚಿತ್ತಾಪುರ:
ಗುರುಗಳೇ, ನೀವು ಹೀಗೆ ಹೇಳಿದ್ದಕ್ಕೆ ಮನಸ್ಸು ಹಗುರವಾಯಿತು. ಆದರೆ ಮರಳಿ ಕೊಡುವವರು ಬರುವ ತನಕ ನಮ್ಮ ಮಕ್ಕಳು ಕಾಯಲಾರರು.

ದರ್ಗಾ ರಸ್ತೆ, ಕಲಬುರಗಿ:
ನಮ್ಮ ಮನೆಯ ಮಾತನ್ನೂ ಹೇಳುತ್ತೇನೆ. ನನ್ನ ನಾನಿಯ ಹೆಸರು ಖಾಜಾಬಿ, ಮಾಮಾನ ಹೆಸರು ಬಂದೇನವಾಜ. ಇಲ್ಲಿನ ದರ್ಗಾದ ಸೂಫಿ ಸಂತರಾದ, 1422ರಲ್ಲಿ ತೀರಿಕೊಂಡ ಖಾಜಾ ಸಾಹೇಬರ ನಿಜನಾಮ ಸೈಯದ್ ಮುಹಮ್ಮದ್ ಹುಸೈನಿ; ಬಂದೇನವಾಜ ಎಂಬುದು ಸೇವಕರ ಮೇಲೆ ದಯೆ ತೋರುವವರು ಎಂಬ ಅರ್ಥದ ಬಿರುದು. ಆ ಬಿರುದೇ ಈ ಊರಿನ ಸಾವಿರಾರು ಮನೆಗಳ ಹೆಸರಾಯಿತು. ಹರಕೆ ಹೊತ್ತ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ, ಲಾಲಪ್ಪ ಇದ್ದಾರೆ. ತಿಂಥಣಿಯ ಮೌನೇಶ್ವರರನ್ನು ಅರ್ಧ ಜನ ಮೋನಪ್ಪಯ್ಯ ಎಂದರೆ ಉಳಿದವರು ಮೌನುದ್ದೀನ್ ಎನ್ನುತ್ತಾರೆ. ಹುಸೇನಪ್ಪ ಎಂಬ ಒಂದೇ ಹೆಸರಿನಲ್ಲಿ ಕರ್ಬಲಾದ ಹುಸೇನರೂ ಕನ್ನಡದ ಅಪ್ಪನೂ ಇದ್ದಾರೆ. ಈಚಿನ ಹತ್ತು ವರ್ಷಗಳಲ್ಲಿ ಒಂದು ಮಗುವಿಗೂ ಆ ಹೆಸರಿಟ್ಟದ್ದನ್ನು ನಾನು ಕೇಳಿಲ್ಲ. ನಮ್ಮಲ್ಲಿಯೂ ಖಾಜಾಬಿ, ಚಾಂದಬಿ ಹೋಗಿ ಜೋಯಾ, ಅನಾಯಾ ಬಂದಿವೆ. ನಮ್ಮ ಓಣಿಯಲ್ಲಿ ಇಬ್ಬರು ಅಯಾನ್ ಇದ್ದು, ಒಬ್ಬ ನಮ್ಮವರ ಮನೆಯವನು, ಇನ್ನೊಬ್ಬ ಲಿಂಗಾಯತರ ಮನೆಯವನು. ಕೂಗಿದರೆ ಇಬ್ಬರೂ ಓಡಿ ಬರುತ್ತಾರೆ. ಹುಸೇನಪ್ಪ ಹೋದ ದುಃಖದಲ್ಲಿ ನನಗೆ ಇದೊಂದು ಸಮಾಧಾನ.

ಪುಣೆಯಲ್ಲಿರುವ ಆಳಂದದವ:
ನಾನು ಮಲ್ಲಿಕಾರ್ಜುನ. ನನಗಿಂತ ಎರಡು ವರ್ಷ ಚಿಕ್ಕವನಾದ ಮೇಲಧಿಕಾರಿ ಮೊದಲ ದಿನವೇ ‘ಮಲ್ಲಿ ಎಂದು ಕರೆಯಬಹುದೇ’ ಎಂದು ಕೇಳಿದರು, ನಾನು ಒಪ್ಪಿಕೊಂಡೆ; ಏಳು ವರ್ಷಗಳಿಂದ ನನ್ನ ತಾಯಿ ಇಟ್ಟ ಹೆಸರನ್ನು ಕಚೇರಿಯಲ್ಲಿ ಯಾರೂ ಪೂರ್ತಿ ಹೇಳಿಲ್ಲ. ಶರಣಬಸಪ್ಪ ಎಂಬ ಹೆಸರೂ ಹಾಗೆಯೇ ತುಂಡಾಗುತ್ತದೆ. ಮಗ ಎಲ್ಲಿಗೆ ಹೋದರೂ ಹೆಸರು ಇಡಿಯಾಗಿ ಉಳಿಯಲಿ ಎಂದು ತಂದೆಯೊಬ್ಬ ಬಯಸಿದರೆ ಅದನ್ನು ಮೋಜು ಎನ್ನಬಾರದು.

ಬೀದರಿನ ಶಿಕ್ಷಕಿ:
ಅಫಜಲಪುರದ ತಮ್ಮಾ, ನಮಗೆಲ್ಲ ಕೇಳಿದಿರಿ. ನಿಮ್ಮ ತಂಗಿಯನ್ನು ಕೇಳಿದಿರಾ? ನಮ್ಮ ಕಡೆ ಸೊಸೆ ಮಾವನ ಹೆಸರು ಹಿಡಿಯುವುದಿಲ್ಲ. ಮಗುವಿಗೆ ಮಾವನ ಹೆಸರಿಟ್ಟರೆ ಹೆತ್ತ ತಾಯಿಯೇ ಅದನ್ನು ಕರೆಯಲಾರಳು, ಬೈಯುವುದಂತೂ ದೂರವೇ ಉಳಿಯಿತು. ಅಂಥ ಮನೆಗಳಲ್ಲಿ ಮಗುವನ್ನು ಮುತ್ಯಾ ಎಂದೋ ಅಪ್ಪಾಜಿ ಎಂದೋ ಕರೆಯುವುದನ್ನು ನೀವು ನೋಡಿರಬೇಕು. ನಿಮ್ಮ ಬೀಗತಿಯವರೂ ಅಷ್ಟೇ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದನ್ನು ಬಿಟ್ಟರೆ ಗಂಡನ ಹೆಸರನ್ನು ಬಾಯಲ್ಲಿ ತಂದಿರಲಾರರು. ಯಾರು ಕರೆಯಲೆಂದು ಆ ಹೆಸರನ್ನು ಬಯಸುತ್ತಿದ್ದಾರೆ ಎಂದು ಕೇಳಿ ನೋಡಿ.

ಕಾಗದಪತ್ರದ ಅವಸರ ಬೇಡ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿನ ಅಂಕಣ ಖಾಲಿಯಿದ್ದರೂ ನೋಂದಣಿಯಾಗುತ್ತದೆ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಮತದಾರರ ಪಟ್ಟಿಯ ತನಕ ಜನನ ಪ್ರಮಾಣಪತ್ರವೇ ಆಧಾರವಾಗುವುದರಿಂದ ಅದರಲ್ಲಿ ಬರೆಸುವ ಪ್ರತಿ ಅಕ್ಷರವನ್ನೂ ಯೋಚಿಸಿ ಬರೆಸಬೇಕು.

ಭೀಮಾತೀರದವ, ಅಫಜಲಪುರ:
ಶಿಕ್ಷಕಿ ಅಕ್ಕನವರು ಹೇಳಿದಂತೆ ನಿನ್ನೆ ಸಂಜೆ ಕೇಳಿದೆ. ತಂಗಿ, ‘ಮಾವನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ ಅಣ್ಣಾ, ಆದರೆ ಅತ್ತೆಗೆ ಬೇಡವೆನ್ನಲೂ ಮನಸ್ಸಿಲ್ಲ’ ಎಂದಳು. ಬೀಗತಿಯವರು ಮಗುವಿಗೆ ಲೋಬಾನದ ಹೊಗೆ ಹಾಕುತ್ತ ಕುಳಿತಿದ್ದರು. ‘ನಲವತ್ತೊಂದು ವರ್ಷ ಅವರ ಹೆಸರು ಹಿಡಿಯಲಿಲ್ಲ. ಅವರು ಹೋದ ಮೇಲೆ ಮನೆಯಲ್ಲಿ ಬೇರೆ ಯಾರೂ ಹಿಡಿಯುತ್ತಿಲ್ಲ. ನಾನು ಕರೆಯದಿದ್ದರೂ ಓಣಿಯ ಹುಡುಗರು ಬಾಗಿಲಿಗೆ ಬಂದು ಆ ಹೆಸರು ಕೂಗಲಿ, ನಾನು ಒಳಗೆ ಕುಳಿತು ಕೇಳುತ್ತೇನೆ’ ಎಂದರು. ಇದನ್ನು ಫೋನಿನಲ್ಲಿ ತಿಳಿಸಿದಾಗ ತಂಗಿಯ ಗಂಡ ಬಹಳ ಹೊತ್ತು ಮಾತಾಡಲಿಲ್ಲ. ಭಾನುವಾರ ಸೋದರತ್ತಿ ಕಿವಿಯಲ್ಲಿ ಹೇಳುವ ಹೆಸರು ಶರಣಬಸಪ್ಪ ಎಂದೇ ಆಗಲಿ ಎಂದು ಒಪ್ಪಿಕೊಂಡಿದ್ದಾನೆ. ನೋಂದಣಿಯ ಅಂಕಣವನ್ನು ಖಾಲಿ ಬಿಡುತ್ತಿದ್ದೇವೆ. ತಂಗಿ ಆ ಹೆಸರು ಹಿಡಿದು ಮಗನನ್ನು ಕರೆಯಲು ಕಲಿಯುತ್ತಾಳೋ ಇಲ್ಲವೋ ನೋಡಿ ತುಂಬಿಸುವುದೆಂದು ಮಾತಾಗಿದೆ.