ಅಪ್‌ಡೇಟ್: ಪದ್ಮಿನಿನಾ, ಹಳೇ ಮಾರುತಿ 800ಆ?

ಪ್ರೀಮಿಯರ್ ಪದ್ಮಿನಿ ತಗೊಳ್ಳಲಾ, 1980ರ ದಶಕದ ಮಾರುತಿ 800 ತಗೊಳ್ಳಲಾ ಎಂದು ಕೇಳಿದ್ದೆ ಅಲ್ವಾ? ಎರಡನ್ನೂ ಹುಬ್ಬಳ್ಳಿಯಿಂದ ಧಾರವಾಡದವರೆಗೆ ಓಡಿಸಿ ನೋಡಿದೆ.

ಮಾರುತಿ ಹಗುರ. 796 ಸಿಸಿ, ಮೂರೇ ಸಿಲಿಂಡರ್. ಆದರೂ ಉಣಕಲ್ ಟ್ರಾಫಿಕ್‌ನಲ್ಲಿ ಸಲೀಸಾಗಿ ನುಗ್ಗಿತು. ಮೈಲೇಜೂ ಜಾಸ್ತಿ.

ಆದರೆ ಪದ್ಮಿನಿ ಮನಸ್ಸು ಕದ್ದಿತು! ಮೂಲ ಇಟಲಿಯ ಫಿಯಟ್ 1100. ನಾಲ್ಕು ಸಿಲಿಂಡರಿನ 1089 ಸಿಸಿ ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ. ಚೋಕ್ (ತಣ್ಣಗಿರುವ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗಲು ಗಾಳಿ ಕಡಿಮೆ ಮಾಡುವ ಗುಂಡಿ) ಎಳೆದು, ಎಂಜಿನ್ ಸ್ವಲ್ಪ ಬಿಸಿಯಾಗುವವರೆಗೆ ಕಾದು, ಎಡಗೈಯಲ್ಲಿ ಆ ಕಡ್ಡಿಯನ್ನು ಮೆಲ್ಲಗೆ ಗೇರಿಗೆ ಕೂರಿಸುವ ಖುಷಿಯೇ ಬೇರೆ. ಸ್ಟೇರಿಂಗ್ ಭಾರ, ಇರಲಿ ಬಿಡಿ.

ಪದ್ಮಿನಿಗೇ ಅಡ್ವಾನ್ಸ್ ಕೊಟ್ಟೆ. ಡ್ರೈವರ್ ಕಾಲಡಿಯ ತಗಡು ತುಕ್ಕು ಹಿಡಿದಿದೆ. ಕತ್ತರಿಸಿ ಹೊಸದು ವೆಲ್ಡ್ ಮಾಡಿಸಬೇಕು. ಗದಗ ಕಡೆ ಒಳ್ಳೆಯ ಟಿಂಕರ್ ಇದ್ದರೆ ಹೇಳಿ.