ನೋವು ನಿಂತುಹೋಗಿದೆ, ಆದರೂ ರೂಟ್ ಕೆನಾಲ್ ಮಾಡಿಸಲೇಬೇಕಾ?

ಪ್ರಶ್ನೆ:
ಕೆಳಗಿನ ದವಡೆ ಹಲ್ಲು ಹುಳುಕಾಗಿದೆ. ಮೊದಲು ತಣ್ಣೀರು ಕುಡಿದಾಗ ಮಾತ್ರ ಜುಂ ಅನ್ನುತ್ತಿತ್ತು. ಆಮೇಲೆ ರಾತ್ರಿ ತಲೆ ದಿಂಬಿಗೆ ಇಟ್ಟ ಕೂಡಲೇ ಶುರು, ಕಿವಿಯವರೆಗೂ ಸಿಡಿಯುತ್ತಿತ್ತು. ಡಾಕ್ಟರ್ ಎಕ್ಸ್‌ರೇ ನೋಡಿ, ರೂಟ್ ಕೆನಾಲ್ ಮಾಡಿ (ಹಲ್ಲಿನೊಳಗಿನ ತಿರುಳು ತೆಗೆದು, ಬೇರಿನ ಕಾಲುವೆಗಳನ್ನು ಶುಚಿ ಮಾಡಿ ತುಂಬುವುದಂತೆ) ಮೇಲೆ ಕ್ಯಾಪ್, ಅಂದರೆ ಹಲ್ಲಿನ ಆಕಾರದ ಗಟ್ಟಿ ಹೊದಿಕೆ, ಹಾಕಬೇಕು ಅಂದರು, ಆಂಟಿಬಯೋಟಿಕ್ ಕೊಟ್ಟರು. ಈಗ ನೋವೇ ಇಲ್ಲ! ಮನೆಯಲ್ಲಿ ಎಲ್ಲರೂ "ಸುಮ್ನೆ ಯಾಕೆ ಕೊರೆಸ್ತೀಯ, ಮತ್ತೆ ನೋವು ಬಂದರೆ ಕೀಳಿಸಿಬಿಡು" ಅಂತಿದ್ದಾರೆ. ಏನು ಮಾಡಲಿ? ಮಾಡಿಸುವಾಗ ತುಂಬಾ ನೋಯುತ್ತಾ?

ಉತ್ತರ 1:
ದಯವಿಟ್ಟು ಹಾಗೇ ಬಿಡಬೇಡಿ. ನಾನು ಹಲ್ಲಿನ ಡಾಕ್ಟರ್. ನೋವು ನಿಂತಿತು ಅಂತ ವಾಪಸ್ ಹೋದವರು ಮುಖ ಊದಿಸಿಕೊಂಡು ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಹಲ್ಲಿನ ಒಳಗೆ ಮೆತ್ತಗಿನ ತಿರುಳು ಇರುತ್ತದೆ, ಅದರಲ್ಲಿ ನರ, ರಕ್ತನಾಳ ಎಲ್ಲ ಇವೆ. ಹುಳುಕು ಅಲ್ಲಿಗೆ ಮುಟ್ಟಿದರೆ ತಿರುಳು ಊದಿಕೊಳ್ಳುತ್ತದೆ, ಆದರೆ ಸುತ್ತಲೂ ಗಟ್ಟಿ ಗೋಡೆ, ಊದಲು ಜಾಗವೇ ಇಲ್ಲ. ನಿಮಗೆ ರಾತ್ರಿ ಸಿಡಿಯುತ್ತಿದ್ದದ್ದು ಆ ಒತ್ತಡಕ್ಕೆ, ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರುವುದರಿಂದ ಇನ್ನೂ ಜಾಸ್ತಿಯಾಗುತ್ತದೆ. ಕೊನೆಗೆ ತಿರುಳು ಸಾಯುತ್ತದೆ, ಅದರ ಜೊತೆ ನೋವೂ ನಿಲ್ಲುತ್ತದೆ. ಬ್ಯಾಕ್ಟೀರಿಯಾ ಮಾತ್ರ ಅಲ್ಲೇ ಇರುತ್ತದೆ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ನುಂಗಿದ ಮಾತ್ರೆ ಅಲ್ಲಿಗೆ ತಲುಪುವುದೂ ಇಲ್ಲ. ಆಂಟಿಬಯೋಟಿಕ್ ಹೊರಗಿನ ಊತ ಇಳಿಸಬಹುದು, ಹಲ್ಲಿನ ಒಳಗನ್ನು ಶುಚಿ ಮಾಡಲಾರದು. ಸೋಂಕು ಬೇರಿನ ತುದಿಯಿಂದ ಹೊರಗೆ ಬಂದು ಅಲ್ಲಿನ ಮೂಳೆಯನ್ನು ನಿಧಾನವಾಗಿ ಕರಗಿಸುತ್ತದೆ, ಎಕ್ಸ್‌ರೇಯಲ್ಲಿ ಅದು ಬೇರಿನ ತುದಿಗೆ ಅಂಟಿದ ಕಪ್ಪು ಮಚ್ಚೆಯಂತೆ ಕಾಣುತ್ತದೆ. ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು ಕೀವು ಬರುತ್ತಿದ್ದರೆ ಅದೂ ಇದೇ ಕಥೆ.

ಉತ್ತರ 2:
ನನಗೂ ದವಡೆ ಹಲ್ಲಿಗೇ ಮಾಡಿದ್ದು. ಭಯ ಪಟ್ಟಷ್ಟು ಏನೂ ಇಲ್ಲ. ಇಂಜೆಕ್ಷನ್ ಕೊಟ್ಟು ತುಟಿ ಮರಗಟ್ಟಿದ ಮೇಲೆ ಹಲ್ಲಿನ ಸುತ್ತ ಒಂದು ರಬ್ಬರ್ ಹಾಳೆ ಬಿಗಿದರು, ಔಷಧಿ ಬಾಯಿಗೆ ಇಳಿಯದಿರಲಿ, ಎಂಜಲು ಹಲ್ಲಿನೊಳಗೆ ಹೋಗದಿರಲಿ ಅಂತ. ಆಮೇಲೆ ಸೂಜಿಯಂಥ ತೆಳ್ಳಗಿನ ಫೈಲ್‌ಗಳನ್ನು (ಚಿಕ್ಕ ಅರಗಳು) ಒಂದಾದ ಮೇಲೊಂದು ಒಳಗೆ ಹಾಕಿ ಉಜ್ಜುತ್ತಾರೆ, ಮಧ್ಯೆ ಮಧ್ಯೆ ಬ್ಲೀಚ್ ವಾಸನೆಯ ದ್ರವ ಹಾಕಿ ತೊಳೆಯುತ್ತಾರೆ. ಬೇರಿನ ತುದಿ ಹತ್ತಿರವಾದಾಗ ಪಕ್ಕದ ಮೆಷಿನ್ ಬೀಪ್ ಅನ್ನುತ್ತದೆ. ನನಗೆ ಕಷ್ಟ ಅನಿಸಿದ್ದು ಅಷ್ಟು ಹೊತ್ತು ಬಾಯಿ ತೆರೆದಿಡುವುದೇ. ಮಧ್ಯದಲ್ಲಿ ಚುಳ್ ಅಂದರೆ ಸಹಿಸಿಕೊಂಡು ಕೂರಬೇಡಿ, ಕೈ ಎತ್ತಿ. ಊದಿದ ಹಲ್ಲಿಗೆ ಇಂಜೆಕ್ಷನ್ ಕೆಲವೊಮ್ಮೆ ಸರಿಯಾಗಿ ಹಿಡಿಯುವುದಿಲ್ಲ, ಇನ್ನೊಂದು ಕೊಡುತ್ತಾರೆ. ಆಮೇಲೆ ಕೆಲವು ದಿನ ಕಚ್ಚಿದಾಗ ನೋಯಬಹುದು, ಅದು ಇಳಿಯುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ, ಸ್ವಲ್ಪ ಧೈರ್ಯ ಬಂತು. ಆದರೆ ಕೀಳಿಸಿದರೆ ಒಂದೇ ದಿನಕ್ಕೆ ಮುಗಿಯುತ್ತದೆ ಅಲ್ವಾ? ಮತ್ತೆ ಕ್ಯಾಪ್ ಬೇಕೇ ಬೇಕಾ?

ಉತ್ತರ 1:
ಕೀಳುವುದು ಒಂದೇ ದಿನದ ಕೆಲಸ, ನಿಜ. ಖಾಲಿ ಜಾಗ ಹಾಗೇ ಬಿಟ್ಟರೆ ಪಕ್ಕದ ಹಲ್ಲು ಅಲ್ಲಿಗೆ ವಾಲಬಹುದು, ಮೇಲಿನದು ಕೆಳಗೆ ಇಳಿಯಬಹುದು. ಆ ಜಾಗ ತುಂಬಿಸಲು ಮುಂದೆ ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಕೃತಕ ಹಲ್ಲು) ಅಥವಾ ಇಂಪ್ಲಾಂಟ್ (ದವಡೆ ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ಹಾಕುವ ಹಲ್ಲು) ಮಾಡಿಸುವುದು ರೂಟ್ ಕೆನಾಲ್‌ಗಿಂತ ದೊಡ್ಡ ಕೆಲಸ. ಬೇರು ಉದ್ದಕ್ಕೆ ಸೀಳಿದ್ದರೆ ಅಥವಾ ಮೇಲೆ ಹಲ್ಲೇ ಉಳಿದಿಲ್ಲದಿದ್ದರೆ ನಾನೂ ಕೀಳಿಸಿ ಅಂತಲೇ ಹೇಳುತ್ತೇನೆ. ನಿಮ್ಮ ಡಾಕ್ಟರ್ ಉಳಿಸಬಹುದು ಅಂದಿದ್ದಾರೆ, ಹಾಗಾದರೆ ಉಳಿಸಿಕೊಳ್ಳಿ. ನಿಮ್ಮ ಸ್ವಂತ ಹಲ್ಲು ಅದು.

ಕ್ಯಾಪ್ ವಿಷಯದಲ್ಲಿ ಉದಾಸೀನ ಬೇಡ. ದವಡೆ ಹಲ್ಲಿನ ಮೇಲೆ ಅಗಿಯುವ ಭಾರ ಜಾಸ್ತಿ. ಹುಳುಕು ತಿಂದದ್ದು, ನಾವು ತೆರೆದದ್ದು ಸೇರಿ ಒಳಗೆ ಟೊಳ್ಳಾಗಿರುತ್ತದೆ, ಗಟ್ಟಿ ಏನಾದರೂ ಕಚ್ಚಿದಾಗ ಸೀಳಿದರೆ ಅಷ್ಟೂ ಚಿಕಿತ್ಸೆ ವ್ಯರ್ಥ. ಇನ್ನೊಂದು, ಈ ಹಲ್ಲಿನಲ್ಲಿ ಸಾಮಾನ್ಯವಾಗಿ 3 ಕಾಲುವೆ ಇರುತ್ತವೆ, ಕೆಲವರಿಗೆ 4. ಎಲ್ಲವನ್ನೂ ಹುಡುಕಿ ತುಂಬಿದರೇ ಕೆಲಸ ಪೂರ್ತಿ. ಹಾಗಾಗಿ ಎರಡು ಮೂರು ಸಲ ಬನ್ನಿ ಅಂದರೆ ಬೇಜಾರಾಗಬೇಡಿ, ತಾತ್ಕಾಲಿಕ ಸಿಮೆಂಟ್ ಹಾಕಿಸಿಕೊಂಡು ಅರ್ಧಕ್ಕೇ ನಿಲ್ಲಿಸಲೂ ಬೇಡಿ. ಅದು ಸವೆದು ಎಂಜಲು ಒಳಗೆ ಇಳಿದರೆ ಮತ್ತೆ ಮೊದಲಿಂದ ಶುರು.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಅಪಾಯಿಂಟ್‌ಮೆಂಟ್‌ಗೆ ಕಾಯುವಾಗ ಮುಖ ಅಥವಾ ದವಡೆ ಕೆಳಗೆ ಊದಿಕೊಂಡು ಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ನುಂಗಲು, ಉಸಿರಾಡಲು ಕಷ್ಟವಾದರೆ, ಬಾಯಿ ತೆರೆಯಲು ಆಗದಿದ್ದರೆ ಹಲ್ಲಿನ ಕ್ಲಿನಿಕ್‌ಗೂ ಕಾಯಬೇಡಿ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಮತ್ತೆ ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ವಸಡು ಸುಟ್ಟುಹೋಗುತ್ತದೆ.

ಪ್ರಶ್ನೆ ಕೇಳಿದವರು:
ಸರಿ, ನಾಳೆಯೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳುತ್ತೇನೆ. ಎಷ್ಟು ಕಾಲುವೆ ಇವೆ ಅಂತ ನಾನೇ ಕೇಳುತ್ತೇನೆ.